ಸೊನ್ನೆ ತಾರೀಖಿನವರು

ನನ್ನ ಹೆಂಡತಿ ಬುರುಲ್‌ಳ ಎಡಗಣ್ಣಿಗೆ ಬೇರೆ ಕಾರ್ನಿಯಾ ಹಾಕಬೇಕೆಂದು ಬಿಶ್ಕೆಕ್‌ನ ಕಣ್ಣಾಸ್ಪತ್ರೆಯಲ್ಲಿ ಹೆಸರು ಬರೆಸಿ ನಾಲ್ಕು ವರ್ಷವಾಗಿತ್ತು. ಬಲಗಣ್ಣು ಅದಕ್ಕೂ ಮೊದಲೇ ಹೋಗಿತ್ತು. ಎಡಗಣ್ಣಿನಲ್ಲಿ ಬೆಳಕು, ನೆರಳು, ತೀರಾ ಹತ್ತಿರ ಬಂದವರ ಮುಖದ ಅಂಚು, ಇಷ್ಟು ಉಳಿದಿತ್ತು. ಹೊರದೇಶದ ವೈದ್ಯರ ತಂಡವೊಂದು ವರ್ಷಕ್ಕೆ ಎರಡು ಸಲ ಬರುತ್ತಿತ್ತು, ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ. ಬರುವಾಗ ತಣ್ಣನೆಯ ಪೆಟ್ಟಿಗೆಯಲ್ಲಿ ಹತ್ತು ಕಾರ್ನಿಯಾ ತರುತ್ತಿದ್ದರು. ಪಟ್ಟಿಯ ಮೊದಲ ಹತ್ತು ಜನಕ್ಕೆ ಹಾಕಿ ಹೋಗುತ್ತಿದ್ದರು. ಉಳಿದವರು ಹತ್ತು ಹೆಜ್ಜೆ ಮುಂದಕ್ಕೆ ಸರಿಯುತ್ತಿದ್ದರು. ನಾವು ಎಂಬತ್ತೈದರಲ್ಲಿ ನಿಂತವರು, ಹೋದ ವರ್ಷ ಏಪ್ರಿಲ್‌ನ ತಂಡ ಹೋದ ಮೇಲೆ ಐದಕ್ಕೆ ಬಂದಿದ್ದೆವು.

ಅದೇ ವರ್ಷ ಬೇಸಿಗೆಯಲ್ಲಿ ಕಣ್ಣು ತೋರಿಸಲು ಹೋದಾಗ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಅಮ್ಮನ ವಯಸ್ಸಿನವಳೆಂದು ಅವಳನ್ನು ಅಪಾ ಎನ್ನುತ್ತಿದ್ದರು.

"ಕಾರ್ನಿಯಾ ತೆಳ್ಳಗಾಗ್ತಾ ಇದೆ ಅಪಾ. ಅಕ್ಟೋಬರ್ ಮೀರಬಾರ್ದು. ಒಡೆದರೆ ಆಮೇಲೆ ಅದರ ಮೇಲೆ ಏನನ್ನೂ ಕೂರಿಸೋಕಾಗಲ್ಲ."

"ಮೀರಲ್ಲ ಬಿಡಪ್ಪ. ಐದನೇ ನಂಬರು ನಂದು" ಎಂದಳು ಬುರುಲ್, ಏನೋ ಪದವಿ ಸಿಕ್ಕ ಹಾಗೆ.

ನಾನಾಗ ಒಂದು ಕಂಪ್ಯೂಟರ್ ಕಚೇರಿಯಲ್ಲಿದ್ದೆ. ಹಳೆಯ ಹೊಲಿಗೆ ಕಾರ್ಖಾನೆಯ ಮೂರನೆಯ ಮಹಡಿ. ನೆಲ ಒರೆಸುವುದು, ಕಸ ಕೆಳಗಿಳಿಸುವುದು, ಚಳಿ ಶುರುವಾದರೆ ಕಿಟಕಿಯ ಸಂದಿಗೆ ಹತ್ತಿ ತುರುಕುವುದು, ದಿನಕ್ಕೆ ಆರು ಸಲ ಟೀ ಮಾಡುವುದು ನನ್ನ ಕೆಲಸ. ಏಳು ಜನ ಇದ್ದರು. ಅವರಿಗೆ ಹಿರಿಯಳು ಕನಿಶಾಯ್, ಮೂವತ್ತೈದರ ಹೆಂಗಸು. ಬಾಯಿ ಜೋರಿನವನು ಎಲ್ದಿಯಾರ್, ಅವಳನ್ನು ಅಕ್ಕನೆಂದು ತಿಳಿದು ಎಜೆ ಎಜೆ ಎಂದು ಹಿಂದೆ ಹಿಂದೆ ಸುತ್ತುತ್ತಿದ್ದವನು. ನಾನು ಅವರೆಲ್ಲರಿಗೆ ಇಮಾನ್‌ಕುಲ್ ಅತಾ. ಅಪ್ಪನಿಗೆ ಕೊಡುವ ಮರ್ಯಾದೆಯನ್ನೇ ಕೊಡುತ್ತಿದ್ದರು, ಸುಳ್ಳು ಹೇಳಬಾರದು.

ಅವರು ಏನು ಮಾಡುತ್ತಾರೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಜನರ ಹೆಸರು, ಊರು, ತಾರೀಖು ಎಲ್ಲ ಕೂಡಿಟ್ಟ ಉಗ್ರಾಣ ಎಲ್ಲೋ ಇರುತ್ತದೆ, ಅದಕ್ಕೆ ಡೇಟಾಬೇಸ್ ಎನ್ನುತ್ತಾರೆ. ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಕಿಟಕಿಯ ಹಿಂದೆ ಕೂತ ಹೆಂಗಸು ಪರದೆ ನೋಡಿ ಏನೋ ಒತ್ತುತ್ತಾಳಲ್ಲ, ಆ ಪರದೆಗೆ ಉಗ್ರಾಣಕ್ಕೆ ಹೋಗಿಬರುವ ಕಾಲಿಲ್ಲ. ಕೇಳಿದ್ದನ್ನು ಒಯ್ದು, ಸಿಕ್ಕಿದ್ದನ್ನು ತರಲು ನಡುವೆ ಒಬ್ಬ ಓಡಾಡುವವನು ಬೇಕು. ಆ ಓಡಾಡುವವನನ್ನು ಇವರು ತಯಾರು ಮಾಡುತ್ತಿದ್ದರು. ಹೆಸರು ಚಾಬರ್ಮನ್. ಹಿಂದೆ ಕುದುರೆಯ ಮೇಲೆ ಕಣಿವೆಯಿಂದ ಕಣಿವೆಗೆ ಸುದ್ದಿ ಒಯ್ಯುತ್ತಿದ್ದವನನ್ನು ನಮ್ಮವರು ಹಾಗೆ ಕರೆಯುತ್ತಿದ್ದರು. ಇವರು ಅದನ್ನು ಲೈಬ್ರರಿ ಎಂದೂ ಅನ್ನುತ್ತಿದ್ದರು, ಒಂದು ಪುಸ್ತಕವನ್ನೂ ನಾನು ಅಲ್ಲಿ ಕಂಡಿಲ್ಲ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ತಮ್ಮ ಕೆಲಸಕ್ಕೆ ಹೂಡಬಹುದಿತ್ತು. ಎಷ್ಟೋ ಕಚೇರಿಗಳು ಹೂಡಿದ್ದವು.

ಆಗಸ್ಟ್‌ನಲ್ಲಿ ಹೊಸ ಚಾಬರ್ಮನ್ ಹೊರಡುವುದಿತ್ತು, ನಾಲ್ಕನೆಯದು. ಅದರಲ್ಲಿ ಹೊಸತೇನಿದೆ ಎಂದು ದೊಡ್ಡ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಹೋಗುವವರು ಬರುವವರು ಅದರ ಮುಂದೆ ನಿಂತು ಮಾತಾಡುವುದು. ನಾನು ಬಟ್ಟಲುಗಳಿಗೆ ಅರ್ಧರ್ಧ ಟೀ ಬಗ್ಗಿಸುತ್ತ ಕೇಳಿಸಿಕೊಂಡೆ. ಒಂದು, ಹೊಸ ಚಾಬರ್ಮನ್ ಪ್ರತಿ ಸಲಕ್ಕೂ ಹೊಸ ದಾರಿ ತೆರೆಯುವುದಿಲ್ಲ, ಜೀನು ಬಿಗಿದ ಕುದುರೆಗಳ ಹಾಗೆ ಹತ್ತಾರು ದಾರಿ ಸಿದ್ಧವಾಗಿ ನಿಂತಿರುತ್ತವೆ. ಎರಡು, ನಡುದಾರಿಯಲ್ಲಿ ತಂತಿ ತುಂಡಾದರೆ ತಾನಾಗಿ ಮತ್ತೆ ಹೋಗುತ್ತದೆ. ಮೂರು, ನೂರು ಪ್ರಶ್ನೆಯನ್ನು ಒಂದೇ ಗಂಟಿನಲ್ಲಿ ಒಯ್ಯುತ್ತದೆ. ನಾಲ್ಕನೆಯದು ಎಲ್ದಿಯಾರ್‌ನ ಕೈಕೆಲಸ.

"ಎಜೆ, ಈ ನಾಲ್ಕನೇದಕ್ಕೆ ನನಗೊಂದು ಪದಕ ಕೊಡಿಸ್ಬೇಕು ನೀವು" ಎಂದ. "ಹಳೇದು ಕ್ಯಾಲೆಂಡರ್‌ನಲ್ಲೇ ಇಲ್ಲದ ತಾರೀಖನ್ನೂ ಕತ್ತೆ ಥರ ಹೊತ್ಕೊಂಡ್ ಬರ್ತಿತ್ತು. ಫೆಬ್ರವರಿ ಮೂವತ್ತು ಅಂದ್ರೂ ಸರಿ, ಸೊನ್ನೆ ತಿಂಗಳು ಸೊನ್ನೆ ದಿನ ಅಂದ್ರೂ ಸರಿ. ಇನ್ಮೇಲೆ ಆ ಆಟ ನಡಿಯಲ್ಲ. ಇಲ್ಲದ ತಾರೀಖಾದ್ರೆ 'ಖಾಲಿ' ಅಂತ ತಂದುಕೊಡತ್ತೆ."

"ಯಾರದಾದ್ರೂ ನಿಜವಾಗ್ಲೂ ಸೊನ್ನೆ ಇದ್ರೆ?" ಎಂದಳು ಕನಿಶಾಯ್.

"ಸೊನ್ನೇ ತಾರೀಖು ಯಾರ್ ಹುಟ್ತಾರೆ ಎಜೆ, ದೆವ್ವಾನಾ?"

ಎಲ್ಲರೂ ನಕ್ಕರು. ಕನಿಶಾಯ್ ಕೂಡ ನಕ್ಕಳು. "ನಮ್ಮಜ್ಜಿ ಯಾವತ್ತು ಹುಟ್ಟಿದ್ದು ಅಂತ ಯಾರಿಗೂ ಗೊತ್ತಿರ್ಲಿಲ್ಲ ಕಣೋ. ಮಾರ್ಚ್ ಎಂಟು ಅಂತ ಬರೆಸ್ಬಿಟ್ರು, ಹೆಂಗಸರ ಹಬ್ಬದ ದಿನ. ವರ್ಷಾ ವರ್ಷಾ ಊರವರೆಲ್ಲ ಹೂ ತಂದ್ ಕೊಡೋರು. ಜಾಣೆ ಮುದುಕಿ."

ಆಗ ನನ್ನ ಕೈಯಲ್ಲಿ ಟೀ ಪಾತ್ರೆ ಇತ್ತು. ನನ್ನ ಪಾಸ್‌ಪೋರ್ಟಿನಲ್ಲಿ ಮೇ ಒಂದು ಎಂದಿದೆ. ಸೈನ್ಯಕ್ಕೆ ಸೇರುವಾಗ ಗುಮಾಸ್ತ, "ಯಾವುದಾದ್ರೂ ಒಂದು ಹೇಳಯ್ಯ, ಹಿಂದೆ ಸಾಲು ನಿಂತಿದೆ" ಎಂದು ಗದರಿದಾಗ ಬಾಯಿಗೆ ಬಂದದ್ದು ಅದು. ಪ್ರತಿ ಮೇ ಒಂದಕ್ಕೆ ಮೆರವಣಿಗೆಯಲ್ಲಿ ಮಿಠಾಯಿ ಹಂಚುತ್ತಿದ್ದರು. ಬುರುಲ್ ಹಾಗೆ ಮಾಡಲಿಲ್ಲ. ಪಾಸ್‌ಪೋರ್ಟ್ ಮಾಡಿಸಲು ಹೋಗಿ ಅವಳ ಸರದಿ ಬಂದಾಗ, "ಮೊಲದ ವರ್ಷ, ಕಣಿವೆ ಬಾಯಲ್ಲಿ ಮೊದಲ ಹಿಮ ಬಿದ್ದಾಗ, ಹೆಣ್ಣುಕುದುರೆಗಳು ಇನ್ನೂ ಹಾಲು ಕೊಡ್ತಿದ್ವಂತೆ, ಇಷ್ಟೇ ನಮ್ಮಮ್ಮ ಹೇಳಿದ್ದು. ಅವಳು ಹೇಳದೇ ಇದ್ದಿದ್ದನ್ನ ನಾನ್ ಹೇಗ್ ಹೇಳ್ಲಿ?" ಎಂದು ನಿಂತುಬಿಟ್ಟಳು. ತಾಯಿ ಸತ್ತು ಆಗ ಹತ್ತು ವರ್ಷವಾಗಿತ್ತು. ಗುಮಾಸ್ತ ತಲೆ ಚಚ್ಚಿಕೊಂಡು ಎರಡು ಸೊನ್ನೆ, ಮತ್ತೆರಡು ಸೊನ್ನೆ, ಸಾವಿರದ ಒಂಬೈನೂರ ಐವತ್ತೊಂದು ಎಂದು ಬರೆದ. ಆಮೇಲೆ ಎಷ್ಟು ಸಲ ಪಾಸ್‌ಪೋರ್ಟ್ ಬದಲಾದರೂ ಸೊನ್ನೆಗಳು ಹಾಗೇ ಇಳಿದುಬಂದವು. ಅವಳಂಥವರು ಬೆಟ್ಟದ ಕಡೆ ಇನ್ನೂ ಎಷ್ಟೋ ಜನ ಇದ್ದಾರೆ.

ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಅವರು ಮಾತಾಡುತ್ತಿರುವುದು ಯಂತ್ರದ ತಾರೀಖು, ಮನುಷ್ಯರದಲ್ಲ ಎಂದುಕೊಂಡೆ. ಓದಿದವರ ನಡುವೆ ಟೀ ಕೊಡುವವನು ಬಾಯಿ ಹಾಕುವುದೂ ಸರಿಯಲ್ಲ. ಸಕ್ಕರೆ ಡಬ್ಬಿ ಮುಂದಕ್ಕೆ ಸರಿಸಿದೆ.

ಮರುದಿನ ಬೆಳಿಗ್ಗೆ ಅದನ್ನು ಹೊರಡಿಸುವಾಗ ಬತಾ ಕೊಡಿ ಎಂದು ನನ್ನನ್ನು ಕರೆದರು. ದೂರದ ದಾರಿ ಹಿಡಿಯುವವನಿಗೆ, ಹೊಸ ಕೆಲಸಕ್ಕೆ ಕೈ ಹಾಕುವವನಿಗೆ ಮನೆಯ ಹಿರಿಯ ಅಂಗೈ ಬಿಚ್ಚಿ ಹರಸದೆ ನಮ್ಮಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಆ ಕಚೇರಿಯಲ್ಲಿ ಹಿರಿಯ ನಾನೇ. ಏಳು ಜನ ಕುರ್ಚಿ ಬಿಟ್ಟೆದ್ದು ಕೈ ಚಾಚಿ ನಿಂತರು. ದಾರಿ ಬೆಳ್ಳಗಿರಲಿ, ಒಯ್ದದ್ದು ಸುರಕ್ಷಿತವಾಗಿ ತಲುಪಲಿ, ಯಾರ ಮನೆಗೂ ಇದರಿಂದ ಕೆಟ್ಟ ಸುದ್ದಿ ಹೋಗದಿರಲಿ ಎಂದೆ. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಎಲ್ದಿಯಾರ್ ಒಂದು ಗುಂಡಿ ಒತ್ತಿದ. ಅಷ್ಟೇ, ಹೊರಟಿತು.

ಸೆಪ್ಟೆಂಬರ್ ಕೊನೆಯಲ್ಲಿ, ತಂಡ ಯಾವತ್ತು ಬರುತ್ತದೆ ಎಂದು ಕೇಳಲು ನಾನು ಆಸ್ಪತ್ರೆಯ ಕಿಟಕಿಗೆ ಹೋದೆ. ಅಲ್ಲಿ ಕೂರುವವಳು ಸಾಬಿರಾ. ನಾಲ್ಕು ವರ್ಷ ಪ್ರತಿ ತಿಂಗಳು ಹೋಗಿ ಹೋಗಿ ಅವಳ ಸೊಸೆಯ ಜಗಳದವರೆಗೆ ನನಗೆ ಗೊತ್ತಿತ್ತು.

"ಬನ್ನಿ ಬನ್ನಿ ಐದನೇ ನಂಬರು" ಎಂದು ನಗುತ್ತ ಒತ್ತಿದಳು. ಮತ್ತೆ ಒತ್ತಿದಳು. ನಗು ಹಾಗೇ ನಿಂತಿತು. "ಅಪಾ ಹೆಸರಿನ ಕೊನೆ ಏನು ಅಂದ್ರಿ?"

ಹೇಳಿದೆ.

"ಇಲ್ವಲ್ಲ ಅತಾ."

"ಇಲ್ಲ ಅಂದ್ರೆ? ಹೋದ ತಿಂಗಳು ನೀನೇ ತಾನೆ ಹೇಳಿದ್ದು, ಐದು ಅಂತ?"

"ನಾನೇ ಹೇಳಿದ್ದು. ಈಗ ಐದರಲ್ಲಿ ಬೇರೆ ಯಾರೋ ಇದಾರೆ." ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು, ನನಗೆ ಆ ಪರದೆ ಓದಲು ಬರುತ್ತದೆ ಎಂಬ ಹಾಗೆ. "ನೋಡಿ. ಮೇಲಿಂದ ಕೆಳಗೆ ಎಲ್ಲೂ ಇಲ್ಲ."

"ಹಸಿರು ರಟ್ಟಿನ ದಪ್ಪ ಪುಸ್ತಕ ಒಂದಿತ್ತಲ್ಲ, ಮೊದಲು ಅದರಲ್ಲೇ ಬರೆದಿದ್ದೆ ನೀನು."

"ಅದನ್ನ ಕಂಪ್ಯೂಟರ್ ಬಂದ ವರ್ಷ ಮೇಲಿನವರು ತಗೊಂಡ್ ಹೋದ್ರು. ನಾನೇನ್ ಮಾಡ್ಲಿ ಅತಾ, ಇದು ನನ್ನ ಮಾತೇ ಕೇಳಲ್ಲ, ನನ್ನ ಗಂಡನ ಥರ." ಹಾಗೆಂದವಳೇ ಕಣ್ಣು ಒರೆಸಿಕೊಂಡಳು.

ಮನೆಯಲ್ಲಿ ಹೇಳಲಿಲ್ಲ. ಸಂಜೆ ನಾವಿಬ್ಬರೂ ತೊಗುಜ್ ಕೊರ್ಗೋಲ್ ಆಡುತ್ತೇವೆ, ಹಲಗೆಯ ಗುಳಿಗಳಲ್ಲಿ ಕಲ್ಲು ಹಂಚಿಕೊಂಡು ಹೋಗುವ ಆಟ. ಅವಳು ಬೆರಳಿನಲ್ಲೇ ಕಲ್ಲು ಎಣಿಸಿ ನನ್ನನ್ನು ಸೋಲಿಸುತ್ತಾಳೆ. ಮೂರನೆಯ ಸಂಜೆ ಹಲಗೆ ಪಕ್ಕಕ್ಕೆ ತಳ್ಳಿದಳು.

"ಮುದುಕಾ, ಮೂರು ದಿನದಿಂದ ನೀನು ಬೇಕಂತ ಸೋಲ್ತಾ ಇದೀಯ. ಆಸ್ಪತ್ರೇಲಿ ಏನಂದ್ರು?"

ಹೇಳಿದೆ. ಅವಳು ಗುಳಿಯಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು.

"ಎಂಬತ್ತು ಜನ ನನ್ನ ಮುಂದೆ ಹೋದ್ರು. ಒಬ್ಬರನ್ನಾದ್ರೂ ತಳ್ಳಿದ್ನಾ ನಾನು?" ಎಂದಳು. ಆಮೇಲೆ, "ನಿಮ್ಮ ಕಚೇರಿಯವರನ್ನ ಕೇಳು. ಅವರೂ ಕಂಪ್ಯೂಟರೇ, ಇವರೂ ಕಂಪ್ಯೂಟರೇ" ಎಂದಳು.

"ಅವರದ್ ಬೇರೆ, ಇವರದ್ ಬೇರೆ."

"ನಿನಗೆ ಹೇಗ್ ಗೊತ್ತು, ಟೀ ಮಾಡೋನಿಗೆ?"

ಬೆಳಿಗ್ಗೆ ಅವಳ ಪಾಸ್‌ಪೋರ್ಟನ್ನು ಒಳಜೇಬಿನಲ್ಲಿಟ್ಟುಕೊಂಡು ಹೋದೆ. ಕನಿಶಾಯ್ ಒಬ್ಬಳೇ ಇದ್ದಾಗ ನಡೆದದ್ದನ್ನು ಹೇಳಿದೆ. ಅವಳು ಆಸ್ಪತ್ರೆಯ ಪಟ್ಟಿ ಯಾರು ಮಾಡಿದ್ದು ಎಂದು ಏನೇನೋ ಹುಡುಕಿದಳು. ಇನ್ಯಾವುದೋ ಕಂಪನಿ ಮಾಡಿದ್ದು. ನಡುವೆ ಓಡಾಡುವುದು ಮಾತ್ರ ನಮ್ಮ ಚಾಬರ್ಮನ್.

"ಅಪಾ ಹುಟ್ಟಿದ ತಾರೀಖು ಹೇಳಿ ಅತಾ, ಅವರಿಗೆ ಬರೀತೀನಿ."

ನಾನು ಪಾಸ್‌ಪೋರ್ಟ್ ತೆಗೆದು ಅವಳ ಮುಂದಿಟ್ಟೆ. ಅವಳು ನೋಡಿದಳು. ಆಮೇಲೆ ಎರಡೂ ಕೈ ಬಾಯಿಯ ಮೇಲಿಟ್ಟುಕೊಂಡಳು. ಎಲ್ದಿಯಾರ್ ಒಳಗೆ ಬಂದವನು ಅವಳ ಭುಜದ ಮೇಲಿಂದ ಇಣುಕಿ ನೋಡಿ ಬೆಳ್ಳಗಾದ.

"ಅತಾ, ಆವತ್ತು ನೀವು ಇಲ್ಲೇ ಇದ್ರಲ್ಲ. ಯಾಕ್ ಹೇಳ್ಲಿಲ್ಲ?"

"ಬಾಯಿ ಮುಚ್ಚೋ!" ಎಂದಳು ಕನಿಶಾಯ್. "ನಾವ್ ಕೇಳಿದ್ವಾ ಅವರನ್ನ? ಇಷ್ಟು ವರ್ಷ ಟೀ ಕುಡಿದ್ವಿ, ಮನೇಲಿ ಯಾರಿದಾರೆ ಅಂತ ಕೇಳಿದ್ವಾ?" ನನ್ನ ಕಡೆ ತಿರುಗಿದಳು. "ನಮ್ಮಜ್ಜಿ ಥರ ಎಲ್ಲರೂ ಒಂದು ದಿನ ಆರಿಸ್ಕೊಂಡಿರ್ತಾರೆ ಅಂದ್ಕೊಂಡೆ ಅತಾ. ಸೊನ್ನೆ ಹಾಗೇ ಉಳಿದಿರತ್ತೆ ಅಂತ ನನ್ನ ತಲೆಗೇ ಬರ್ಲಿಲ್ಲ."

ಏನಾಯಿತೆಂದು ಅವಳು ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಆಸ್ಪತ್ರೆಯ ಪಟ್ಟಿ ದಿನಾ ಮಧ್ಯಾಹ್ನ ಎಲ್ಲರನ್ನೂ ಉಗ್ರಾಣದಿಂದ ಹೊರಗೆ ತರಿಸಿ, ಹೊಸದಾಗಿ ನಂಬರು ಹಾಕಿ, ಮತ್ತೆ ಒಳಗೆ ಬರೆದಿಡುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಆ ಕಂಪನಿ ಹೊಸ ಚಾಬರ್ಮನ್ ಹೂಡಿತು. ಅದು ಬುರುಲ್‌ಳನ್ನು ತರುವಾಗ ಸೊನ್ನೆಗಳನ್ನು ಉದುರಿಸಿ 'ಖಾಲಿ' ಎಂದು ತಂದುಕೊಟ್ಟಿತು. ಪಟ್ಟಿ ಆ ಖಾಲಿಯನ್ನೇ ಹಿಂದಕ್ಕೆ ಬರೆಯಿತು. ಹುಟ್ಟಿದ ತಾರೀಖಿಲ್ಲದವರು ಅರ್ಧಂಬರ್ಧ ಹೆಸರಿನವರು ಎಂದು ಬೇರೆಡೆ ತೆಗೆದಿಟ್ಟಿತು. ಹದಿನಾಲ್ಕು ದಿನ ಯಾರೂ ಬಂದು ಸರಿಪಡಿಸದಿದ್ದರೆ ಅಳಿಸಿಹಾಕಬೇಕು ಎಂದು ಅದಕ್ಕೆ ಯಾರೋ ಮೊದಲೇ ಹೇಳಿಟ್ಟಿದ್ದರು. ಅಳಿಸಿತು.

"ಯಾರೂ ಸುಳ್ಳು ಹೇಳ್ಲಿಲ್ಲ, ಕದೀಲಿಲ್ಲ ಅತಾ" ಎಂದಳು. "ಎಲ್ಲ ಹೇಳಿದ ಹಾಗೇ ಮಾಡಿದೆ."

"ವಾಪಸ್ ಬರೆಯೋಕೆ ಆಗಲ್ವಾ?"

"ನಾವು ಓಡಾಡೋನನ್ನ ಸರಿಮಾಡ್ಬಹುದು. ಉಗ್ರಾಣದ ಬೀಗದ ಕೈ ನಮ್ಮ ಹತ್ರ ಇಲ್ಲ."

ಎಲ್ದಿಯಾರ್ ಎರಡು ದಿನ ಕುರ್ಚಿ ಬಿಟ್ಟು ಏಳಲಿಲ್ಲ. ಮೂರನೆಯ ದಿನ, ಸೊನ್ನೆಯನ್ನು ಸೊನ್ನೆಯಾಗಿಯೇ ತರುವ ಚಾಬರ್ಮನ್ ಹೊರಟಿತು. ಆ ಸಲ ಯಾರೂ ನನ್ನನ್ನು ಬತಾಕ್ಕೆ ಕರೆಯಲಿಲ್ಲ, ನನ್ನ ಕಣ್ಣು ತಪ್ಪಿಸಿ ಓಡಾಡಿದರು. ಪ್ರಪಂಚದ ಯಾವ್ಯಾವುದೋ ಊರಿನವರು ಧನ್ಯವಾದ ಬರೆದರಂತೆ. ಆಸ್ಪತ್ರೆಯ ಪಟ್ಟಿಯ ಕಂಪನಿಗೆ ಮಾತ್ರ ಕನಿಶಾಯ್ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಳು. ಈ ಕಡೆಯ ಮಾತಷ್ಟೇ ನನಗೆ ಕೇಳಿಸುತ್ತಿತ್ತು.

"ರಜೆ ಮೇಲಿದಾರಾ? ಯಾವತ್ತು ಬರ್ತಾರೆ? ... ನೋಡಿ, ನಾನು ದೂರು ಕೊಡ್ತಿಲ್ಲ, ತಪ್ಪು ನಂದೇ ಅಂತಿದೀನಿ ... ಹಳೇ ಪ್ರತಿ ಎಲ್ಲಾದ್ರೂ ಇಟ್ಟಿರ್ತೀರಲ್ಲ? ... ಯಾರ ಸಹಿ ಬೇಕು? ... ಎಷ್ಟು ದಿನ? ... ಮೂರು ವಾರ ಅಂದ್ರೆ ಅಷ್ಟರಲ್ಲಿ ಡಾಕ್ಟರು ಬಂದು ಹೋಗಿರ್ತಾರಲ್ಲ!"

ಅಕ್ಟೋಬರ್ ಎರಡನೆಯ ವಾರ ತಂಡ ಬಂತು. ನಮ್ಮನ್ನು ಯಾರೂ ಕರೆದಿರಲಿಲ್ಲ. ಆದರೂ ಮಂಗಳವಾರ ಬೆಳಿಗ್ಗೆ ಬುರುಲ್ ತೊಳೆದ ಬಿಳಿ ತಲೆವಸ್ತ್ರ ಕಟ್ಟಿಕೊಂಡಳು. ಕನಿಶಾಯ್ ತನ್ನ ಕಾರಿನಲ್ಲಿ ಬಂದು ನಮ್ಮನ್ನು ಹತ್ತಿಸಿಕೊಂಡಳು. ದಾರಿಯುದ್ದಕ್ಕೂ ಅವಳು ಕ್ಷಮಿಸಿ ಅಪಾ, ಕ್ಷಮಿಸಿ ಅಪಾ ಎನ್ನುತ್ತಿದ್ದಳು.

"ಮುಂದೆ ನೋಡ್ಕೊಂಡ್ ಓಡ್ಸಮ್ಮ" ಎಂದಳು ಬುರುಲ್. "ಈ ಕಾರಲ್ಲಿ ಕಣ್ಣು ಕಾಣೋದು ನಿನಗೊಬ್ಬಳಿಗೇ. ಈ ಮುದುಕನ್ನ ನಂಬಬೇಡ."

ಕಿಟಕಿಯಲ್ಲಿ ಸಾಬಿರಾ ನಮ್ಮನ್ನು ನೋಡಿ ಎದ್ದು ನಿಂತಳು. ಕೈಯಿಂದಲೇ ಹೊಸದಾಗಿ ಸೇರಿಸೋಣ ಎಂದು ಪಾಸ್‌ಪೋರ್ಟ್ ತೆಗೆದುಕೊಂಡು ಒತ್ತಿದಳು. ಸೊನ್ನೆ ಒತ್ತಿದ ಕೂಡಲೇ ಪರದೆ ಕೆಂಪಾಯಿತು.

"ಸೊನ್ನೆ ತಗೊಳಲ್ಲ ಅನ್ನತ್ತೆ. ಆವಾಗ ಪುಸ್ತಕದಿಂದ ಮೇಲಿನವರೇ ಹಾಗ್ಹಾಗೇ ಇಳಿಸಿದ್ರು. ಅತಾ, ಯಾವುದಾದ್ರೂ ಒಂದು ತಾರೀಖು ಹೇಳಿ, ಹೊಡೆದುಬಿಡ್ತೀನಿ. ಯಾರ್ ಕೇಳ್ತಾರೆ."

ನಾನು ಬುರುಲ್‌ಳ ಮುಖ ನೋಡಿದೆ. ಅವಳು ಕಿಟಕಿಯ ಕಟ್ಟೆಯನ್ನು ಹಿಡಿದುಕೊಂಡು ನಿಂತಿದ್ದಳು. ಐವತ್ತು ವರ್ಷದ ಹಿಂದೆ ಗುಮಾಸ್ತನ ಮುಂದೆ ನಿಂತ ಹಾಗೆಯೇ ನಿಂತಿದ್ದಳು. ಆಮೇಲೆ ತಲೆ ಬಗ್ಗಿಸಿ, "ಹೇಳು ಮುದುಕಾ, ನಿನಗೆ ತೋಚಿದ್ದು" ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ನನಗೆ ಸಹಿಸಲಾಗಲಿಲ್ಲ.

"ಅಕ್ಟೋಬರ್ ಒಂದು" ಎಂದೆ. ಮೊದಲ ಹಿಮಕ್ಕೆ ಅದು ಹತ್ತಿರ ಎನಿಸಿತು.

ಸಾಬಿರಾ ಒತ್ತಿದಳು. ಪರದೆ ಸ್ವಲ್ಪ ಹೊತ್ತು ಸುತ್ತುತ್ತಿತ್ತು, ಸರ್ಕಾರದ ಪಾಸ್‌ಪೋರ್ಟ್ ಉಗ್ರಾಣಕ್ಕೆ ಹೋಗಿ ಕೇಳಿ ಬರುತ್ತದಂತೆ. ಮತ್ತೆ ಕೆಂಪಾಯಿತು.

"ಅಲ್ಲಿ ಸೊನ್ನೆ ಇದೆ, ಇಲ್ಲಿ ಒಂದು ಇದೆ. ಇಂಥ ಮನುಷ್ಯರೇ ಇಲ್ಲ ಅನ್ನತ್ತೆ."

ನಿಜ ಹೇಳಿದರೆ ಒಂದು ಒಪ್ಪುವುದಿಲ್ಲ, ಸುಳ್ಳು ಹೇಳಿದರೆ ಇನ್ನೊಂದು ಒಪ್ಪುವುದಿಲ್ಲ. ಕನಿಶಾಯ್ ಮೂಲೆಯ ಬೆಂಚಿನಲ್ಲಿ ಕೂತು ತನ್ನ ಕಂಪ್ಯೂಟರನ್ನು ತೊಡೆಯ ಮೇಲೆ ಬಿಚ್ಚಿದ್ದಳು. ಬಿಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಪ್ರಪಂಚದ ಸಾವಿರ ಉಗ್ರಾಣಗಳಿಗೆ ಅವಳ ಚಾಬರ್ಮನ್ ಹೋಗಿಬರುತ್ತಿತ್ತು. ಎದುರಿನ ಕಿಟಕಿಯ ಆಚೆಗೆ ಅವಳ ಕೈ ಎಟುಕುವಂತಿರಲಿಲ್ಲ.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಆಸ್ಪತ್ರೆಯ ನಿಲುವಂಗಿ ತೊಟ್ಟ ಯುವಕನೊಬ್ಬ ಕೂತಿದ್ದ. ಎಡಗಣ್ಣು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಹೆಸರು ಕುಬಾತ್, ಕೊಚ್ಕೋರ್ ಕಡೆಯವನು, ಬೆಸುಗೆ ಕೆಲಸ, ಕಿಡಿ ಹಾರಿದ್ದಂತೆ. ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದ. ಎದ್ದು ಬಂದ.

"ಅಪಾ, ನಂದು ಹನ್ನೊಂದನೇ ನಂಬರಿತ್ತು. ಏಪ್ರಿಲ್‌ಗೆ ಅಂದಿದ್ರು. ಹೋದ ವಾರ ಫೋನ್ ಮಾಡಿ ಹತ್ತಕ್ಕೆ ಬಂದಿದೀಯ, ಹೊರಡು ಅಂದ್ರು. ಯಾಕೆ ಅಂತ ಕೇಳ್ಲಿಲ್ಲ ನಾನು, ಖುಷೀಲಿ ಬಂದ್ಬಿಟ್ಟೆ." ಒಳಬಾಗಿಲಿನ ಕಡೆ ಕೈ ತೋರಿಸಿದ. "ನಿಮ್ಮದು ಅದು. ನೀವ್ ಹೋಗಿ."

ಅಷ್ಟರಲ್ಲಿ ಡಾಕ್ಟರೇ ಹೊರಗೆ ಬಂದರು, ಬೇಸಿಗೆಯಲ್ಲಿ ದೀಪ ಹಿಡಿದು ನೋಡಿದವರು. ಸಾಬಿರಾ ಹೋಗಿ ಕರೆದಿದ್ದಳು. ಕುಬಾತ್ ಹೇಳಿದ್ದನ್ನು ಕೇಳಿ ತಲೆ ಅಲ್ಲಾಡಿಸಿದರು.

"ಬದಲಾಯಿಸೋಕಾಗಲ್ಲಪ್ಪ. ಪೆಟ್ಟಿಗೆ ಒಳಗಿನ ಒಂದೊಂದು ಡಬ್ಬಿ ಮೇಲೂ ಒಂದೊಂದು ಹೆಸರು ಬರೆದು ಮೊಹರು ಹಾಕಿ ತರ್ತಾರೆ. ಬಂದಿರೋ ಡಾಕ್ಟರು ಹೆಸರು ತಾಳೆ ನೋಡದೆ ಕತ್ತರಿ ಮುಟ್ಟಲ್ಲ. ನೀನು ಬೇಡ ಅಂದ್ರೆ ಅದು ಹಾಳಾಗತ್ತೆ, ಅಪಾಗೆ ಬರಲ್ಲ." ಆಮೇಲೆ ಬುರುಲ್‌ಳ ಗಲ್ಲ ಹಿಡಿದೆತ್ತಿ ಪುಟ್ಟ ದೀಪ ಹಚ್ಚಿ ನೋಡಿದರು. ಆರಿಸಿದರು. "ಹೆಸರು ಸರಿಯಾದ ಮೇಲೆ ಏಪ್ರಿಲ್‌ಗೆ ಮೊದಲನೇದಾಗಿ ನಿಮ್ಮನ್ನೇ ಬರೆಸ್ತೀನಿ, ಅಪಾ."

"ಏಪ್ರಿಲ್ ತನಕ ಇರತ್ತಾ ಇದು?"

ಅವರು ಅವಳ ಭುಜ ಮುಟ್ಟಿ, ಕೈಯಲ್ಲಿದ್ದ ದೀಪವನ್ನು ಜೇಬಿಗೆ ಹಾಕಿಕೊಳ್ಳಲು ಎರಡು ಸಲ ಪ್ರಯತ್ನಪಟ್ಟು, ಒಳಗೆ ಹೋದರು.

ಕುಬಾತ್ ಇನ್ನೂ ನಿಂತೇ ಇದ್ದ.

"ಕೂತ್ಕೋ" ಎಂದಳು ಬುರುಲ್. "ವಯಸ್ಸೆಷ್ಟು ನಿನಗೆ?"

"ಮೂವತ್ತೊಂದು."

"ಮಕ್ಕಳು?"

"ಇಬ್ರು."

"ಮತ್ತೆ ಬೇಡ ಗೀಡ ಅಂತ ಏನ್ ಆಡ್ತೀಯ? ಕೂತ್ಕೋ ಅಂದೆ."

ಅವನು ಕೂತ. ನಾನು ಇಬ್ಬರ ನಡುವೆ ಕೂತೆ. ಅವನ ಮೇಲೆ ನನಗೆ ಸಿಟ್ಟು ಬರಲಿ ಎಂದು ಹುಡುಕಿದೆ, ಬರಲಿಲ್ಲ. ಕನಿಶಾಯ್‌ಳ ಮೇಲೂ ಬರಲಿಲ್ಲ. ಯಾರ ಮೇಲಾದರೂ ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ದಾದಿಯೊಬ್ಬಳು ಬಾಗಿಲಲ್ಲಿ ನಿಂತು ಕುಬಾತ್‌ನ ಹೆಸರು ಕೂಗಿದಳು. "ಜೊತೆಗೆ ಯಾರ್ ಬಂದಿದಾರೆ?"

"ಯಾರೂ ಇಲ್ಲ. ಹೆಂಡತಿ ಹಸು ಬಿಟ್ಟು ಬರೋಹಾಗಿಲ್ಲ."

"ಜೊತೆಗೆ ಜನ ಇಲ್ದೆ ಒಳಗೆ ಕರ್ಕೊಳ್ಳೋ ಹಾಗಿಲ್ಲಪ್ಪ. ಮೊದಲೇ ಹೇಳಿರ್ತಾರಲ್ಲ. ಹೊರಗಡೆ ಒಬ್ಬರು ಕೂತಿರ್ಬೇಕು, ಆಮೇಲೆ ಹಿಡ್ಕೊಂಡ್ ಹೋಗ್ಬೇಕು."

ಅವನು ಏನೂ ತೋಚದೆ ನಮ್ಮ ಕಡೆ ನೋಡಿದ, ನೋಡಿದ್ದಕ್ಕೆ ನಾಚಿ ಮುಖ ತಿರುಗಿಸಿದ.

"ನಾವಿದೀವಿ" ಎಂದಳು ಬುರುಲ್.

ದಾದಿ ಅವಳ ಕಣ್ಣು ನೋಡಿದಳು, ನನ್ನ ನೋಡಿದಳು. "ಏನಾಗ್ಬೇಕು ನಿಮಗೆ ಇವನು?"

"ಏನೂ ಆಗ್ಬೇಕಿಲ್ಲಮ್ಮ. ಕೂತಿರ್ತೀವಿ, ಅಷ್ಟೆ. ಬರ್ಕೋ."

ಕುಬಾತ್ ತನ್ನ ಬೂಟು, ದಪ್ಪ ಅಂಗಿ, ಟೋಪಿಯನ್ನು ನಮ್ಮ ಮುಂದಿಟ್ಟು ಒಳಗೆ ಹೋದ. ಬುರುಲ್ ಅಂಗಿಯನ್ನು ತಡವಿ ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಕನಿಶಾಯ್ ಮನೆಗೆ ಬಿಡುತ್ತೇನೆ ಎಂದಳು, ಬೇಡ ಎಂದೆವು. ಅವಳೂ ಹೋಗಲಿಲ್ಲ. ಬಿಸಿ ರೊಟ್ಟಿ ತಂದು ಮುರಿದುಕೊಟ್ಟಳು, ಮೂವರೂ ತಿಂದೆವು. ಹೊತ್ತು ಬಹಳ ನಿಧಾನವಾಗಿ ಹೋಯಿತು. ಎದುರಿನ ಕಿಟಕಿಯಲ್ಲಿ ಸಾಬಿರಾ ಬೇರೆ ಬೇರೆಯವರ ಹೆಸರು ಒತ್ತುತ್ತಿದ್ದಳು. ಅವರಿಗೆಲ್ಲ ತಾರೀಖಿತ್ತು.

ಮೂರು ಗಂಟೆಯ ಹೊತ್ತಿಗೆ ಬಾಗಿಲು ತೆರೆಯಿತು. ದಾದಿ ಅವನ ತೋಳು ಹಿಡಿದು ಮೆಲ್ಲಗೆ ನಡೆಸಿಕೊಂಡು ಬಂದಳು. ಬುರುಲ್ ತಲೆಯೆತ್ತಿದಳು.

"ಅವನೇನಾ ಬಂದಿದ್ದು?"

"ಹ್ಞೂಂ. ಅವನೇ."

"ಕಟ್ಟು ಯಾವ ಕಣ್ಣಿಗೆ ಕಟ್ಟಿದಾರೆ?"

"ಎಡಗಣ್ಣಿಗೆ" ಎಂದೆ.

ಅವಳು ಎದ್ದು, ಅಂಗಿಯ ತೋಳು ಯಾವ ಕಡೆ ಇದೆ ಎಂದು ಬೆರಳಲ್ಲೇ ಹುಡುಕಿ ಬಿಡಿಸಿ, ಅವನಿಗೆ ತೊಡಿಸಲು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಳು. ಹಿಡಿದದ್ದು ಅವನಿದ್ದ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ. ಕುಬಾತ್ ಒಂದು ಹೆಜ್ಜೆ ಸರಿದು ಬಂದು ಅದರೊಳಗೆ ತೋಳು ತೂರಿಸಿದ.